ಹಯಗ್ರೀವ ಮಾಸ್ಟ್ರ ಮೌನ ಇಂಗ್ಲಿಷು

ಅಂಬಲಪಾಡಿಯ ಹಯಗ್ರೀವ ಆಚಾರ್ಯರಿಗೆ ಇಂಗ್ಲಿಷ್ ಬರುತ್ತದೆಯೇ ಎಂಬ ಸಂಶಯ ೧೯೭೯ರ ಮಳೆಗಾಲದವರೆಗೆ ಯಾರಿಗೂ ಬಂದಿರಲಿಲ್ಲ. ಬರಲು ಕಾರಣವೂ ಇರಲಿಲ್ಲ. ಕಾಪುವಿನ ಹೈಸ್ಕೂಲಿಗೆ ಅವರೇ ಇಂಗ್ಲಿಷ್ ಮಾಸ್ಟ್ರು. ಯಾವ ವಾಕ್ಯ ಕೊಟ್ಟರೂ ಕರ್ತರಿಯಿಂದ ಕರ್ಮಣಿಗೂ ಕರ್ಮಣಿಯಿಂದ ಕರ್ತರಿಗೂ, ಕಾವಲಿಯ ಮೇಲಿನ ದೋಸೆಯ ಹಾಗೆ, ಹರಿಯದೆ ಸೀಯದೆ ಮಗುಚಿ ಕೊಡುತ್ತಿದ್ದರು. ಓಣಿಗೆ ಟೆಲಿಗ್ರಾಂ ಬಂದರೆ ಒಡೆದು ಓದುವವರು ಅವರೇ. ಟಾನಿಕ್ಕಿನ ಬಾಟಲಿಯ ಮೇಲಿನ ಸಣ್ಣ ಅಕ್ಷರ, ಬಹರೈನಿನಿಂದ ಬಂದ ಇಸ್ತ್ರಿಪೆಟ್ಟಿಗೆಯ ಜೊತೆಗಿದ್ದ ಎಚ್ಚರಿಕೆ, ಎಲ್ಲವೂ ಅವರ ಕನ್ನಡಕದ ಮೂಲಕವೇ ಹಾದು ಅಂಬಲಪಾಡಿಗೆ ಅರ್ಥವಾಗಬೇಕಿತ್ತು.

ಆದರೆ ಇದೆಲ್ಲ ಕಣ್ಣಿನ ಇಂಗ್ಲಿಷು. ಕಿವಿಯ ಇಂಗ್ಲಿಷ್ ಬೇರೆಯೇ ಕುಲದ್ದು. ಅದರ ಪರಿಚಯ ಆಚಾರ್ಯರಿಗೆ ಇರಲಿಲ್ಲ. ಅವರ ಮಾಸ್ಟ್ರು ಅವರಿಗೆ ಇಂಗ್ಲಿಷನ್ನು ಕನ್ನಡದಲ್ಲಿ ಕಲಿಸಿದ್ದರು. ಆ ಮಾಸ್ಟ್ರಿಗೆ ಅವರ ಮಾಸ್ಟ್ರು ತುಳುವಿನಲ್ಲಿ ಕಲಿಸಿದ್ದರಂತೆ. ಈ ಗುರುಪರಂಪರೆಯಲ್ಲಿ ಇಂಗ್ಲಿಷಿನವನ ಎದುರು ನಿಂತು ಬಾಯಿ ತೆರೆದ ಪುಣ್ಯವಂತರು ಒಬ್ಬರೂ ಇರಲಿಲ್ಲ.

ಪಕ್ಕದ ಮನೆಯ ಬರ್ತಾ ಬಾಯಿಗೆ ಬಹರೈನಿನಲ್ಲಿದ್ದ ಮಗ ಲಿಯೋನೆಲ್ ದೊಡ್ಡದೊಂದು ರೇಡಿಯೋ ಕಳಿಸಿದ್ದ. ಸಂಜೆ ಹೊತ್ತು ಓಣಿಯವರೆಲ್ಲ ಆಕೆಯ ಜಗಲಿಯಲ್ಲಿ ಸೇರಿ ಲಂಡನ್ನಿನ ವಾರ್ತೆ ಹಾಕಿಸುತ್ತಿದ್ದರು. ಅರ್ಥ ಹೇಳುವ ಕೆಲಸ ಆಚಾರ್ಯರದ್ದು. ಅವರಿಗೆ ಕೇಳಿಸುತ್ತಿದ್ದದ್ದು ಕಾದ ಎಣ್ಣೆಗೆ ಸಾಸಿವೆ ಬಿದ್ದ ಸದ್ದು. ನಡುವೆ ಅಲ್ಲೊಂದು ಇಲ್ಲೊಂದು ಉದ್ದಿನಬೇಳೆಯಂತೆ ‘ಮಿನಿಸ್ಟರ್’, ‘ಆಯಿಲ್’. ಅವರು ಕಣ್ಣು ಮುಚ್ಚಿ ಕೇಳಿ, ಕೊನೆಗೆ ನಿಟ್ಟುಸಿರು ಬಿಟ್ಟು, ಎಣ್ಣೆಯ ವಿಷಯದಲ್ಲಿ ಮಂತ್ರಿಗಳೊಳಗೆ ಒಮ್ಮತವಿಲ್ಲವಂತೆ ಎನ್ನುತ್ತಿದ್ದರು. ಪ್ರಪಂಚದಲ್ಲಿ ಯಾವ ದಿನ ಹೇಳಿದರೂ ಸುಳ್ಳಾಗದ ಮಾತು ಅದು. ಹಾಗಾಗಿ ಅವರ ಭಾಷಾಂತರ ಒಮ್ಮೆಯೂ ತಪ್ಪಲಿಲ್ಲ.

ಒಂದು ಸಂಜೆ ಬರ್ತಾ ಬಾಯಿ, ಮಾಸ್ಟ್ರೇ, ನಿಮಗೆ ಈ ರೇಡಿಯೋದವರ ಹಾಗೆ ಮಾತಾಡ್ಲಿಕ್ಕೂ ಬರ್ತದಾ ಎಂದು ಕೇಳಿದಳು. ಜಗಲಿಯ ತುಂಬ ಜನವಿತ್ತು.

"ಒಬ್ಬ ಇಂಗ್ಲಿಷಿನವನನ್ನು ಎದುರು ಕೂರಿಸಿ ಬಾಯಮ್ಮ. ಗಂಟೆಗಟ್ಟಲೆ ಮಾತಾಡ್ತೇನೆ. ಸಿಗುದಿಲ್ಲ ಅಲ್ವಾ, ಅದೇ ಬೇಸರ," ಎಂದರು ಆಚಾರ್ಯರು.

ದೇವರಿಗೆ ನಮ್ಮ ಎಷ್ಟೋ ಪ್ರಾರ್ಥನೆಗಳು ಕೇಳಿಸುವುದಿಲ್ಲ. ಇಂಥ ಮಾತು ಮಾತ್ರ ಥಟ್ಟನೆ ಕೇಳಿಸಿಬಿಡುತ್ತದೆ.

ಅದೇ ವಾರ ಶನಿವಾರ ಹೆಡ್ ಮಾಸ್ಟ್ರು ಮುದ್ದಣ್ಣ ಶೆಟ್ಟರು ಆಚಾರ್ಯರನ್ನು ಕೋಣೆಗೆ ಕರೆದು, ಬಾಗಿಲು ಮುಂದೆ ಮಾಡಿ, ಕುರ್ಚಿ ತೋರಿಸಿ, ಬಹಳ ಮೆತ್ತಗೆ ಮಾತಾಡತೊಡಗಿದರು. ಶೆಟ್ಟರದ್ದು ಮೆತ್ತಗಿನ ಸ್ವಭಾವವಲ್ಲ. ಅವರು ಹತ್ತಿರದ ಕ್ಲಾಸಿಗೆ ಬೈದರೆ ಲೈಟ್ ಹೌಸಿನ ಬಳಿ ಬಲೆ ಸರಿಮಾಡುವವರು ತಲೆಯೆತ್ತುತ್ತಿದ್ದರು.

"ಮಾಸ್ಟ್ರೇ, ಸಂಸಾರ ಅಂದ ಮೇಲೆ ಮಾತು ಬರ್ತದೆ, ಹೋಗ್ತದೆ. ಆದರೆ ನಿಮ್ಮ ಮನೆಯವರು ಮಣಿಪಾಲಕ್ಕೆ ಹೋಗಿ ಯಾಕೆ ಕೂತದ್ದು?"

ಹೆಂಡತಿ ರಮಾಮಣಿ ಬೆಳಿಗ್ಗೆ ತಾನೇ ಗಂಜಿ ಬಡಿಸಿ ಕಳಿಸಿದ್ದಳು. ಆಚಾರ್ಯರು ಹಾಗೆಂದೇ ಹೇಳಿದರು. ಶೆಟ್ಟರು ನಂಬಲಿಲ್ಲ. ತಾಲೂಕಿನ ವಿದ್ಯಾಧಿಕಾರಿ ತಾರಾನಾಥ ಹೆಗ್ಡೆಯವರೇ ಖುದ್ದು ಫೋನು ಮಾಡಿ, ಮಿಸೆಸ್ ಹಯಗ್ರೀವ ಮಣಿಪಾಲದಲ್ಲಿದ್ದಾರೆ, ಸೋಮವಾರ ನಿಮ್ಮ ಶಾಲೆಗೆ ಬಂದು ಹಯಗ್ರೀವರ ಪಾಠ ಹೇಗೆ ನಡೆಯುತ್ತದೆಂದು ನೋಡುತ್ತಾರೆ, ಆಮೇಲೆ ಅವರೊಡನೆ ಒಂದು ಗಂಟೆ ಮಾತಾಡುತ್ತಾರೆ ಎಂದು ತಿಳಿಸಿದ್ದರಂತೆ. ಹೆಂಡತಿಗೆ ಗಂಡನ ಹತ್ತಿರ ಮಾತಾಡಲು ವಿದ್ಯಾಧಿಕಾರಿಗಳ ಅಪ್ಪಣೆ ಬೇಕಾಗುವಷ್ಟು ದೂರ ಜಗಳ ಹೋಗಬಾರದು ಎಂಬುದು ಶೆಟ್ಟರ ಅಭಿಪ್ರಾಯ.

ಇಬ್ಬರೂ ಸೇರಿ ಮತ್ತೆ ಫೋನು ಮಾಡಿದ ಮೇಲೆ ವಿಷಯ ಬಿಡಿಸಿಕೊಂಡಿತು. ಅದು ಮಿಸೆಸ್ ಹಯಗ್ರೀವ ಅಲ್ಲ, ಮಿಸ್ ಹಾರ್ಗ್ರೀವ್ಸ್. ಇಂಗ್ಲೆಂಡಿನವರು. ಬೇರೆಬೇರೆ ದೇಶಗಳ ಶಾಲೆಗಳಲ್ಲಿ ಪರಭಾಷೆಯನ್ನು ಎಷ್ಟು ಚೆನ್ನಾಗಿ ಕಲಿಸುತ್ತಾರೆ ಎಂದು ನೋಡುತ್ತ ದೇಶ ದೇಶ ಸುತ್ತಿ, ಈಗ ಮಣಿಪಾಲದಲ್ಲಿ ಅತಿಥಿಯಾಗಿ ಇಳಿದಿದ್ದರು. ಅಷ್ಟೇ ಅಲ್ಲ. ಆಕೆಗೆ ಶಾಲೆ ಹಿಡಿಸಿದರೆ, ಕಾಪುವಿನಲ್ಲಿ ಜೂನಿಯರ್ ಕಾಲೇಜು ಆಗಬೇಕೆಂಬ ಶೆಟ್ಟರ ಬಹುಕಾಲದ ಅರ್ಜಿಯನ್ನು ಹೆಗ್ಡೆಯವರು ಶಿಫಾರಸು ಮಾಡಿ ಮೇಲೆ ಕಳಿಸುವವರಿದ್ದರು.

ಶೆಟ್ಟರು ಸಂತೋಷದಿಂದ ಮೇಜು ಗುದ್ದಿದರು. ಜೂನಿಯರ್ ಕಾಲೇಜು ಆದರೆ ಹತ್ತನೆಯದು ಮುಗಿಸಿದ ಕಾಪುವಿನ ಹುಡುಗಿಯರು ಮನೆಯಲ್ಲಿ ಕೂರಬೇಕಾಗಿಲ್ಲ. ಆಚಾರ್ಯರು ಮಾಸ್ಟ್ರಿನಿಂದ ಲೆಕ್ಚರರ್ ಆಗುತ್ತಾರೆ. ಎಲ್ಲ ನಿಮ್ಮ ನಾಲಗೆಯ ಮೇಲೆ ಉಂಟು ಮಾಸ್ಟ್ರೇ ಎಂದರು. ಆ ನಾಲಗೆ ಅಷ್ಟರಲ್ಲಾಗಲೇ ಒಣಗಿ ಅಂಗುಳಕ್ಕೆ ಅಂಟಿತ್ತು.

ಭಾನುವಾರವಿಡೀ ಆಚಾರ್ಯರು ಚಾವಡಿಯಲ್ಲಿ ಅತ್ತಿಂದಿತ್ತ ನಡೆದರು. ಜ್ವರ ಬರಿಸಿಕೊಳ್ಳೋಣವೆಂದು ಮಳೆಯಲ್ಲಿ ನೆನೆದರು, ಬದಲಿಗೆ ಹಸಿವಾಯಿತು. ಊಟಕ್ಕೆ ಕುಳಿತಾಗ ರಮಾಮಣಿ, ಚಾತುರ್ಮಾಸ್ಯದ ಸಮಯ, ಜನ ಏನೇನೋ ವ್ರತ ಹಿಡಿಯುತ್ತಾರೆ, ನೀವು ಒಂದು ತರಕಾರಿಯನ್ನೂ ಬಿಡುವುದಿಲ್ಲ ಎಂದು ಸಹಜವಾಗಿ ಹೇಳಿದಳು. ಆಚಾರ್ಯರ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಎಡಗೈಯಲ್ಲಿ ಮಗಳ ಹಳೆಯ ಸ್ಲೇಟನ್ನು ಎಳೆದುಕೊಂಡು ದೊಡ್ಡದಾಗಿ ಬರೆದರು: ಮೌನವ್ರತ.

ಸೋಮವಾರ ಶಾಲೆಯಲ್ಲಿ ಸ್ಲೇಟನ್ನು ಓದಿದ ಶೆಟ್ಟರ ಮುಖ ಮೊದಲು ಕೆಂಪಾಗಿ ಆಮೇಲೆ ಬಿಳಿಯಾಯಿತು. ಬೈಯಬೇಕೆಂದು ಬಾಯಿ ತೆರೆದವರು ಮುಚ್ಚಿಕೊಂಡರು. ಅವರ ಕುಟುಂಬದಲ್ಲಿ ಹಿಂದೊಮ್ಮೆ ಯಾರೋ ಭೂತಕ್ಕೆ ಹೇಳಿಕೊಂಡ ಹರಕೆಯನ್ನು ಮುರಿದು, ಆ ವರ್ಷ ಕೋಣಗಳೆರಡೂ ಕುಂಟಾಗಿದ್ದವು. ವ್ರತದ ವಿಷಯದಲ್ಲಿ ಕೈಹಾಕುವ ಧೈರ್ಯ ಅವರಿಗಿರಲಿಲ್ಲ. ಮಣಿಪಾಲಕ್ಕೆ ಫೋನು ಹೋಯಿತು. ಉತ್ತರ ಬಹಳ ಸೌಜನ್ಯದಿಂದ ಬಂತು: ಧಾರ್ಮಿಕ ಆಚರಣೆಗೆ ಅಡ್ಡಿಯಾಗಲು ಮಿಸ್ಸಿಗೆ ಮನಸ್ಸಿಲ್ಲ, ಅವರು ಹೊರಡುವುದು ಕೃಷ್ಣಾಷ್ಟಮಿಯ ಹಿಂದಿನ ದಿನ, ಅದರೊಳಗೆ ವ್ರತ ಯಾವತ್ತು ಮುಗಿದರೂ ಬರುತ್ತಾರೆ.

"ಯಾವತ್ತು ಮುಗಿಯುದು ಮಾಸ್ಟ್ರೇ?" ಎಂದು ಶೆಟ್ಟರು ಕೇಳಿದರು.

ಆಚಾರ್ಯರು ಬರೆದರು: ಕೃಷ್ಣಾಷ್ಟಮಿಗೆ.

ಹೀಗೆ ಒಂದು ದಿನಕ್ಕೆಂದು ಹಿಡಿದ ಮೌನ ವಾರಗಟ್ಟಲೆ ಬೆಳೆಯಿತು. ಬೆಳೆದದ್ದು ಮೌನ ಒಂದೇ ಅಲ್ಲ, ಆಚಾರ್ಯರ ಮಹಿಮೆಯೂ. ಮನೆಯೆದುರು ಚಪ್ಪಲಿಗಳು ಕಾಣತೊಡಗಿದವು. ಬನ್ನಂಜೆಯ ಒಬ್ಬ ಯುವಕ, ಬೊಂಬಾಯಿಯ ಹೋಟೆಲಿನಲ್ಲಿ ಕೆಲಸ ಉಂಟು, ಹೋಗಲಾ ಎಂದು ಕೇಳಿದ ಹೊತ್ತಿಗೆ ಸರಿಯಾಗಿ ಆಚಾರ್ಯರ ಕಿವಿಯ ಬಳಿ ಸೊಳ್ಳೆ ಬಂತು. ಅವರು ತಲೆ ಕೊಡವಿದರು. ಯುವಕ ಬೊಂಬಾಯಿಯ ಬಸ್ಸನ್ನು ಬಿಟ್ಟ. ಮುಂದಿನ ವಾರ ಮಣಿಪಾಲದಲ್ಲೇ ಅವನಿಗೆ ಕೆಲಸ ಸಿಕ್ಕಿತು. ಮಾತಾಡಿದ್ದು ನಿಜವಾಗುವುದಕ್ಕೆ ವಾಕ್ಸಿದ್ಧಿ ಎನ್ನುತ್ತಾರೆ. ವಾಕ್ಕೇ ಇಲ್ಲದ ವಾಕ್ಸಿದ್ಧಿಯನ್ನು ಅಂಬಲಪಾಡಿ ಅದೇ ಮೊದಲು ಕಂಡದ್ದು. ಬರ್ತಾ ಬಾಯಿ ಇಗರ್ಜಿಯಲ್ಲಿ ಅವರ ಹೆಸರಿನಲ್ಲಿ ಒಂದು ಮೇಣದ ಬತ್ತಿ ಹಚ್ಚಿದಳು. ಜಗಲಿಯ ರೇಡಿಯೋ ಮಾತ್ರ ಅನಾಥವಾಯಿತು. ಮಂತ್ರಿಗಳೊಳಗೆ ಒಮ್ಮತ ಬಂತೋ ಇಲ್ಲವೋ ಹೇಳುವವರಿರಲಿಲ್ಲ.

ಸುದ್ದಿ ಕಾರ್ಕಳಕ್ಕೂ ಮುಟ್ಟಿತು. ಅಲ್ಲಿ ಜವಳಿ ಅಂಗಡಿ ಇಟ್ಟಿದ್ದ ರಮಾಮಣಿಯ ತಮ್ಮ ರಘುಪತಿ, ಭಾವನಿಗೆ ಸನ್ಯಾಸದ ಯೋಚನೆ ಬಂದಿದೆಯೆಂದು ಹೆದರಿ, ಅಂಗಡಿ ಮುಚ್ಚಿ ಓಡಿಬಂದ. ಬಂದವನು ಎದುರು ಚಕ್ಕಳಮಕ್ಕಳ ಹಾಕಿ ಕುಳಿತ.

"ನಮ್ಮ ಕಾರ್ಕಳದ ಬೆಟ್ಟದ ಮೇಲೆ ಒಬ್ಬರು ಐನೂರು ವರ್ಷದಿಂದ ಮಾತಾಡದೆ ನಿಂತಿದ್ದಾರೆ ಭಾವ. ಊರೇ ಕೈಮುಗಿಯುತ್ತದೆ. ಆದರೆ ಅವರು ಎಲ್ಲ ಬಿಟ್ಟವರು. ನಿಮಗೆ ಹೆಂಡತಿ ಇದ್ದಾಳೆ, ಮದುವೆಗೆ ಬಂದ ಮಗಳಿದ್ದಾಳೆ. ಒಂದು ಮಾತು ಹೇಳಿ, ನಾನು ಹೋಗ್ತೇನೆ."

ಆಚಾರ್ಯರು ಸ್ಲೇಟಿನಲ್ಲಿ, ಕಾಫಿ ಕುಡಿ ಎಂದು ಬರೆದರು. ರಘುಪತಿಗೆ ಇನ್ನಷ್ಟು ಗಾಬರಿಯಾಯಿತು. ಮರುದಿನ ಉಪಾಯದಿಂದ ಅವರನ್ನು ಉಡುಪಿಯ ಒಬ್ಬ ಗಂಟಲಿನ ಡಾಕ್ಟರ ಬಳಿ ಕರೆದೊಯ್ದ. ಡಾಕ್ಟರು ಬಾಯಿಗೆ ಬೆಳಕು ಬಿಟ್ಟು, ‘ಆ’ ಅನ್ನಿ ಎಂದರು. ‘ಆ’ ಅಕ್ಷರವೋ, ಮಾತೋ? ಅಕ್ಷರವಾದರೆ ವ್ರತಭಂಗವಾಗುತ್ತದೆಯೋ? ಆಚಾರ್ಯರು ಈ ಸೂಕ್ಷ್ಮವನ್ನು ಆಲೋಚಿಸುತ್ತ ಬಾಯಿ ತೆರೆದುಕೊಂಡೇ ಬಹಳ ಹೊತ್ತು ಕುಳಿತರು. ಹೊರಗೆ ರೋಗಿಗಳ ಸಾಲು ಬೆಳೆಯಿತು. ಕೊನೆಗೆ ಡಾಕ್ಟರು ಬೆಳಕು ಆರಿಸಿ, ಇಷ್ಟು ಒಳ್ಳೆಯ ಗಂಟಲನ್ನು ತಾನು ಈ ಜಿಲ್ಲೆಯಲ್ಲಿ ನೋಡಿಲ್ಲ, ತೊಂದರೆ ಇದ್ದರೆ ಅದು ಗಂಟಲಿಗಿಂತ ಮೇಲೆ ಇರಬಹುದು ಎಂದು ರಘುಪತಿಗೆ ತಗ್ಗಿದ ದನಿಯಲ್ಲಿ ಹೇಳಿದರು.

ಇತ್ತ ಕ್ಲಾಸನ್ನಂತೂ ತೆಗೆದುಕೊಳ್ಳಲೇಬೇಕಿತ್ತು. ವ್ರತಕ್ಕೆ ರಜೆ ಕೊಡುವ ನಿಯಮ ಇಲಾಖೆಯಲ್ಲಿ ಇರಲಿಲ್ಲ.

ಅದುವರೆಗೆ ಆಚಾರ್ಯರ ಇಂಗ್ಲಿಷ್ ಕ್ಲಾಸಿನಲ್ಲಿ ಕೇಳಿಸುತ್ತಿದ್ದ ದನಿ ಒಂದೇ, ಆಚಾರ್ಯರದ್ದು; ಅದೂ ಕನ್ನಡದಲ್ಲಿ. ಮಕ್ಕಳ ಪಾಲಿಗೆ ಬರುತ್ತಿದ್ದ ಇಂಗ್ಲಿಷ್ ‘ಎಸ್ ಸರ್’ ಮಾತ್ರ. ಮೌನದ ಮೊದಲ ದಿನ ಹತ್ತನೆಯ ತರಗತಿಯವರು ಸ್ವರ್ಗ ಸಿಕ್ಕಿತೆಂದುಕೊಂಡರು. ಆಚಾರ್ಯರು ಸುಮ್ಮನೆ ಕೂರುವ ಜನವಲ್ಲ. ಕಿಟಕಿಯ ಹೊರಗೆ ಕೈ ತೋರಿಸಿದರು, ಕೊಡೆ ಬಿಚ್ಚಿದಂತೆ ನಟಿಸಿದರು, ನಡುಗಿದರು, ಆಮೇಲೆ ಮಕ್ಕಳತ್ತ ಬೆರಳು ಮಾಡಿ, ಈಗ ಹೇಳಿ ಎಂಬಂತೆ ಹುಬ್ಬು ಹಾರಿಸಿದರು. ಯಾರಿಗೂ ಏನೂ ಹೊಳೆಯಲಿಲ್ಲ. ಆಚಾರ್ಯರು ಮತ್ತೊಮ್ಮೆ, ಈ ಸಲ ಇಡೀ ದೇಹದಿಂದ ನಡುಗಿದರು.

ಹಿಂದಿನ ಬೆಂಚಿನಿಂದ ಮೊಗವೀರರ ಮನೆಯ ಚಂಪಾ ಎದ್ದುನಿಂತು, ಜೀವಮಾನದಲ್ಲಿ ಮೊದಲ ಬಾರಿಗೆ ಸ್ವಂತ ಬುದ್ಧಿಯಿಂದ ಒಂದು ಇಂಗ್ಲಿಷ್ ವಾಕ್ಯ ಹೇಳಿದಳು.

"ಸರ್ ಹ್ಯಾಸ್ ಬಿಕಮ್ ಮ್ಯಾಡ್."

ಕ್ಲಾಸಿನವರೆಲ್ಲ ಬೆತ್ತದತ್ತ ನೋಡಿದರು. ಆಚಾರ್ಯರು ಬೆತ್ತದತ್ತ ನೋಡಲಿಲ್ಲ. ಅವರು ವಾಕ್ಯವನ್ನು ನೋಡುತ್ತಿದ್ದರು. ಕರ್ತೃ ಸರಿ, ಕ್ರಿಯಾಪದ ಸರಿ, ಕಾಲ ಸರಿ. ವರ್ಷಾನುಗಟ್ಟಲೆ ಹೊಡೆದು ಬಡಿದು ಕಲಿಸಿದರೂ ಯಾರ ಬಾಯಲ್ಲೂ ಬಾರದ ಪೂರ್ಣ ವರ್ತಮಾನ ಈ ಹುಡುಗಿಯ ಬಾಯಲ್ಲಿ ತಾನಾಗಿ ಬಂದಿತ್ತು. ಅವರ ಕಣ್ಣಲ್ಲಿ ನೀರಾಡಿತು. ಎರಡೂ ಕೈಯಿಂದ ಚಪ್ಪಾಳೆ ತಟ್ಟಿ, ಅಂಗೈಯನ್ನು ದೋಸೆಯಂತೆ ಮಗುಚಿ ತೋರಿಸಿದರು: ಕರ್ಮಣಿಗೆ ತಿರುಗಿಸು.

"ಸರ್ ಹ್ಯಾಸ್ ಬೀನ್ ಮೇಡ್ ಮ್ಯಾಡ್," ಎಂದಳು ಚಂಪಾ.

ಬೋರ್ಡಿನ ಮೇಲೆ ಆಚಾರ್ಯರು ಬರೆದರು: ಯಾರಿಂದ? ಅಲ್ಲಿಗೆ ಅಣೆಕಟ್ಟು ಒಡೆಯಿತು. ಹೆಂಡತಿಯಿಂದ ಎಂದಿತು ಎಡಬದಿ. ಹೆಡ್ ಮಾಸ್ಟ್ರಿಂದ ಎಂದಿತು ಬಲಬದಿ. ಎಲ್ಲ ಇಂಗ್ಲಿಷಿನಲ್ಲೇ. ಒಬ್ಬರ ತಪ್ಪನ್ನು ಇನ್ನೊಬ್ಬರು ತಿದ್ದಿ, ತಿದ್ದಿದ್ದಕ್ಕೆ ಜಗಳವಾಗಿ, ಜಗಳವೂ ಇಂಗ್ಲಿಷಿಗೇ ಹೊರಳಿತು. ಮುಂದಿನ ದಿನಗಳಲ್ಲಿ ಆಚಾರ್ಯರು ಬೆಲ್ಲ ಕದಿಯುವ ಇಲಿಯಾದರು, ಟಿಕೆಟಿಲ್ಲದೆ ಸಿಕ್ಕಿಬಿದ್ದ ಪ್ರಯಾಣಿಕನಾದರು, ಮೇಜಿನ ಮೇಲೆ ಮಲಗಿ ಬಲೆಗೆ ಬಿದ್ದ ಬಂಗುಡೆಯಾಗಿ ಒದ್ದಾಡಿದರು. ಮೀನು ಮುಟ್ಟದ ಬ್ರಾಹ್ಮಣರು ಬಂಗುಡೆಯ ಸಂಕಟವನ್ನು ಇಷ್ಟು ಚೆನ್ನಾಗಿ ಬಲ್ಲರೆಂದು ಮಕ್ಕಳಿಗೆ ಗೊತ್ತಿರಲಿಲ್ಲ. ಬೇರೆ ಮಾಸ್ಟ್ರುಗಳು ಗಲಾಟೆಯ ದೂರು ಒಯ್ದರು. ಶೆಟ್ಟರು ಬೆತ್ತ ಹಿಡಿದು ಬಂದು ಕಿಟಕಿಯಲ್ಲಿ ನಿಂತು ನೋಡಿದರು. ಗಲಾಟೆಯೆಲ್ಲ ಇಂಗ್ಲಿಷಿನಲ್ಲಿ ಇದ್ದುದರಿಂದ ಯಾವುದಕ್ಕೆ ಹೊಡೆಯಬೇಕೆಂದು ತಿಳಿಯದೆ ಹಿಂದೆ ಹೋದರು.

ಇಂಥ ಒಂದು ದಿನ, ಮಳೆ ಬಿಡುವು ಕೊಟ್ಟ ಹೊತ್ತಿನಲ್ಲಿ, ಇಲಾಖೆಯ ಜೀಪು ಅಂಗಳಕ್ಕೆ ಬಂತು. ಮಾತಾಡದಿದ್ದರೆ ಬೇಡ, ಆ ಶಾಲೆಯ ಕಟ್ಟಡವನ್ನಾದರೂ ನೋಡಿ ಹೋಗುತ್ತೇನೆ ಎಂದು ಮಿಸ್ ಹಾರ್ಗ್ರೀವ್ಸ್ ಹಟ ಮಾಡಿದ್ದರು. ತೆಳ್ಳಗೆ ಎತ್ತರದ ಹೆಂಗಸು, ಅರ್ಧ ನರೆತ ಕೂದಲು, ಗಂಡಸರ ಕೊಡೆ. ಅವರ ಹಿಂದೆ ಎಲ್ಲದಕ್ಕೂ ‘ಎಸ್ ಎಸ್’ ಎನ್ನುತ್ತ ವಿದ್ಯಾಧಿಕಾರಿ ತಾರಾನಾಥ ಹೆಗ್ಡೆಯವರು, ಅವರ ಹಿಂದೆ ಬೆವರುತ್ತ ಮುದ್ದಣ್ಣ ಶೆಟ್ಟರು.

ಕಿಟಕಿಯಲ್ಲಿ ಮಿಸ್ಸು ಕಂಡದ್ದು ಇದು: ಮೇಜಿನ ಮೇಲೆ ನಿಂತ ಮಾಸ್ಟ್ರು ಒಂದಕ್ಷರವನ್ನೂ ಆಡುತ್ತಿಲ್ಲ. ಕೆಳಗೆ ಮಕ್ಕಳೆಲ್ಲ ಏಕಕಾಲಕ್ಕೆ ಇಂಗ್ಲಿಷಿನಲ್ಲಿ ಕೂಗುತ್ತಿದ್ದಾರೆ. ಆಕೆ ಕೊಡೆಯನ್ನು ಶೆಟ್ಟರ ಕೈಗೆ ತುರುಕಿ, ಕಣ್ಣರಳಿಸಿ, ಹೆಗ್ಡೆಯವರಿಗೆ ಬಿರುಸಾಗಿ ಏನೋ ಹೇಳಿದರು. ಹೇಳಿದ್ದು, ನಾನು ಇಷ್ಟು ದೇಶ ಸುತ್ತಿದರೂ ಮಾಸ್ಟ್ರು ಇಷ್ಟು ಸುಮ್ಮನಿರುವ ಕ್ಲಾಸನ್ನು ಕಂಡಿಲ್ಲ, ಎಂದು. ಶೆಟ್ಟರು ಅರ್ಥ ಕೇಳಿದಾಗ ಹೆಗ್ಡೆಯವರು ಗಂಭೀರವಾಗಿ, "ಬಹಳ ಪ್ರಶಾಂತವಾದ ಶಾಲೆ ಅಂತ ಹೇಳ್ತಾರೆ," ಎಂದರು. ಒಳಗಿನ ಬೊಬ್ಬೆಯಲ್ಲಿ ಶೆಟ್ಟರಿಗೆ ಅದು ಎರಡು ಸಲ ಹೇಳಿಸಿಕೊಂಡ ಮೇಲೆ ಕೇಳಿಸಿತು.

ಒಳಗೆ ಬಂದ ಮಿಸ್ಸನ್ನು ಕಂಡು ಆಚಾರ್ಯರು ಮೇಜಿನಿಂದ ಇಳಿಯಲಿಲ್ಲ, ಹೆಚ್ಚುಕಡಿಮೆ ಬಿದ್ದರು. ಓಡಲು ದಾರಿಯಿರಲಿಲ್ಲ. ಎದೆಗೆ ಸ್ಲೇಟನ್ನು ಗುರಾಣಿಯಂತೆ ಹಿಡಿದು ನಿಂತರು. ಮಿಸ್ಸು ನಕ್ಕು, ಸೀಮೆಸುಣ್ಣ ತೆಗೆದುಕೊಂಡು, ಬೋರ್ಡಿನ ಮೇಲೆ ಬರೆದರು: ನಿಮ್ಮ ಮೌನವನ್ನು ನಾನು ಮುರಿಯುವುದಿಲ್ಲ. ಬರೆದು ಮಾತಾಡೋಣವೇ?

ಇದು ಕಣ್ಣಿನ ಇಂಗ್ಲಿಷು. ಆಚಾರ್ಯರ ಮೈಯಲ್ಲಿ ರಕ್ತ ಮತ್ತೆ ಹರಿಯಿತು. ಅವರು ಬರೆದ ಉತ್ತರದಲ್ಲಿ ಮೂರು ಉಪವಾಕ್ಯಗಳೂ ಒಂದು ಅರ್ಧವಿರಾಮವೂ ಇದ್ದವು. ಮಿಸ್ಸು ಅರ್ಧವಿರಾಮವನ್ನು ಕಂಡು, ಇಂಗ್ಲೆಂಡಿನಲ್ಲಿ ಇದು ಈಗ ಸಿಗುವುದೇ ಇಲ್ಲ ಎಂದು ಬರೆದರು.

ಆ ಮಧ್ಯಾಹ್ನ ಇಬ್ಬರ ನಡುವೆ ನಡೆದ ಸಂಭಾಷಣೆ ಎಡದ ಗೋಡೆಯಿಂದ ಬಲದ ಗೋಡೆಯವರೆಗೆ ಹಬ್ಬಿ, ಅಳಿಸಿ, ಮತ್ತೆ ಹಬ್ಬಿತು. ಮಿಸ್ಸು ತಾವು ಕಂಡದ್ದನ್ನೆಲ್ಲ ಬರೆದರು. ಹಾಲೆಂಡಿನಲ್ಲಿ ಮಕ್ಕಳು ಮೀಸೆ ಮೂಡುವ ಮೊದಲೇ ಮೂರು ಭಾಷೆಯಲ್ಲಿ ಚೇಷ್ಟೆ ಮಾಡುತ್ತಾರೆ. ಜಪಾನಿನ ಮಕ್ಕಳಿಗೆ ಇಂಗ್ಲಿಷ್ ವ್ಯಾಕರಣ ಇಂಗ್ಲಿಷಿನವರಿಗಿಂತ ಚೆನ್ನಾಗಿ ಗೊತ್ತು. ಮಾತಾಡು ಎಂದರೆ ಬೂಟ್ಸು ನೋಡುತ್ತಾರೆ. ಇನ್ನು ತನ್ನ ಊರಿನಲ್ಲಿ, ತಾನೇ ಫ್ರೆಂಚ್ ಕಲಿಸಿದ ಮಕ್ಕಳು ವರ್ಷಗಟ್ಟಲೆ ಕಲಿತು ಪ್ಯಾರಿಸ್ಸಿಗೆ ಹೋಗಿ, ಬೆರಳು ತೋರಿಸಿ ಬ್ರೆಡ್ಡು ಕೊಳ್ಳುತ್ತಾರೆ. ಎಲ್ಲ ಕಡೆ ರೋಗ ಒಂದೇ, ಮಾಸ್ಟ್ರ ಬಾಯಿ ಮುಚ್ಚುವುದಿಲ್ಲ. ಮಾಸ್ಟ್ರು ಮೌನವಾಗಿದ್ದು ಮಕ್ಕಳನ್ನು ಮಾತಾಡಿಸುವ ಒಂದು ಹೊಸ ವಿಧಾನವನ್ನು ಅಲ್ಲಲ್ಲಿ ಕೆಲವರು ಪ್ರಯೋಗ ಮಾಡುತ್ತಿದ್ದಾರೆ. ಅದಕ್ಕಾಗಿ ವಾರಗಟ್ಟಲೆ ನಿಜವಾಗಿಯೇ ಮೌನ ಹಿಡಿದವರನ್ನು ಮಾತ್ರ ತಾನು ನೋಡಿರಲಿಲ್ಲ.

ಆಮೇಲೆ ಆಕೆ ಚಂಪಾಳನ್ನು ನಿಲ್ಲಿಸಿ, ಎಷ್ಟು ಭಾಷೆ ಬರುತ್ತದೆ ಎಂದು ಬರೆದು ಕೇಳಿದರು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಅಂಗಡಿಯವರ ಹತ್ತಿರ ಕೊಂಕಣಿ, ಮೀನು ಕೊಳ್ಳಲು ಬರುವ ಬ್ಯಾರಿಗಳ ಹತ್ತಿರ ಅವರ ಭಾಷೆ ಎಂದು ಚಂಪಾ ಬೆರಳು ಮಡಚಿದಳು. ಇವನ್ನೆಲ್ಲ ಯಾರು, ಯಾವ ವಿಧಾನದಿಂದ ಕಲಿಸಿದರು ಎಂದು ಮಿಸ್ಸು ಬೋರ್ಡಿನ ಮೇಲೆ ಆಚಾರ್ಯರನ್ನು ಕೇಳಿದರು. ಆಚಾರ್ಯರು ಬಹಳ ಯೋಚಿಸಿ ಬರೆದರು: ಯಾರೂ ಕಲಿಸಲಿಲ್ಲ, ಅದಕ್ಕೇ ಬಂತು.

ಮಿಸ್ಸು ಅದನ್ನು ತಮ್ಮ ಪುಸ್ತಕಕ್ಕೆ ಇಳಿಸಿಕೊಂಡು ಹೆಗ್ಡೆಯವರತ್ತ ತಿರುಗಿ ಮಾತಾಡಿದರು. ಹೆಗ್ಡೆಯವರು ಎಸ್ ಎಸ್ ಎಂದರು. ಹಾಗೆಂದ ಎರಡು ‘ಎಸ್’ಗಳಿಂದ ನಿಶ್ಚಯವಾದದ್ದು ಏನೆಂದರೆ: ಮಿಸ್ ಹಾರ್ಗ್ರೀವ್ಸ್ ಪ್ರಯಾಣ ಮುಂದೂಡುತ್ತಾರೆ, ಅಷ್ಟಮಿ ಕಳೆದು ಮಾಸ್ಟ್ರ ಮೌನ ಮುಗಿದ ಮೇಲೆ, ಮಣಿಪಾಲದ ಸಭಾಂಗಣದಲ್ಲಿ ತಾಲೂಕಿನ ಇಂಗ್ಲಿಷ್ ಮಾಸ್ಟ್ರುಗಳೆಲ್ಲರ ಎದುರು ಹಯಗ್ರೀವ ಆಚಾರ್ಯರು ತಮ್ಮ ಮೌನವಿಧಾನದ ಬಗ್ಗೆ ಇಂಗ್ಲಿಷಿನಲ್ಲಿ ಉಪನ್ಯಾಸ ಕೊಡುತ್ತಾರೆ. ಇದು ಹೆಗ್ಡೆಯವರಿಗೆ ಗೊತ್ತಾದದ್ದು ಮಿಸ್ಸು ಅದನ್ನು ಬೋರ್ಡಿನ ಮೇಲೆ ಬರೆದ ಮೇಲೆ. ಆದರೆ ಶಿಫಾರಸನ್ನು ಆ ಸಭೆಯಲ್ಲೇ ಪ್ರಕಟಿಸುತ್ತೇನೆಂದು ಅವರು ಶೆಟ್ಟರಿಗೆ ಅಲ್ಲೇ ಮಾತು ಕೊಟ್ಟುಬಿಟ್ಟರು. ಆಚಾರ್ಯರ ಕೈಯಿಂದ ಸೀಮೆಸುಣ್ಣ ಬಿದ್ದು ಎರಡು ತುಂಡಾಯಿತು.

ಅಷ್ಟಮಿಯ ರಾತ್ರಿ ಅರ್ಘ್ಯ ಕೊಟ್ಟ ಮೇಲೂ ಆಚಾರ್ಯರು ಬಾಯಿ ತೆರೆಯಲಿಲ್ಲ. ಮಾರನೆಯ ಬೆಳಿಗ್ಗೆ ಸ್ಲೇಟಿನಲ್ಲಿ, ದೀಪಾವಳಿಯವರೆಗೆ ಎಂದು ಬರೆಯತೊಡಗಿದರು. ರಮಾಮಣಿ ಸೌಟು ಹಿಡಿದುಕೊಂಡು ಬಂದು ಆ ಸ್ಲೇಟನ್ನು ಸೆರಗಿನಿಂದ ಒರೆಸಿ, ಅಟ್ಟದ ಮೇಲೆ ಎಸೆದಳು.

"ಈವತ್ತಿನಿಂದ ಮಾತಾಡಿ. ಇಲ್ಲದಿದ್ದರೆ ನಾನು ತಮ್ಮನ ಜೊತೆ ಕಾರ್ಕಳಕ್ಕೆ ಹೋಗ್ತೇನೆ. ಬೈದರೆ ತಿರುಗಿ ಬೈಯುವವರೂ ಇಲ್ಲದ ಮನೆಯಲ್ಲಿ ಎಂತಕ್ಕೆ ಇರುದು ನಾನು?"

ಆಚಾರ್ಯರು ಗಂಟಲು ಸರಿಮಾಡಿಕೊಂಡು, ಆಯಿತು ಮಾರಾಯ್ತಿ ಎಂದರು. ದನಿ ತುಕ್ಕು ಹಿಡಿದ ಬಾಗಿಲಿನಂತಿತ್ತು. ರಮಾಮಣಿ ಸೌಟಿನ ಕೈಯಿಂದಲೇ ಕಣ್ಣೊರೆಸಿಕೊಂಡಳು.

ಉಪನ್ಯಾಸದ ದಿನ ಮಣಿಪಾಲದ ಸಭಾಂಗಣದಲ್ಲಿ ಎಳ್ಳು ಹಾಕಲು ಜಾಗವಿರಲಿಲ್ಲ. ತಾಲೂಕಿನ ಇಂಗ್ಲಿಷ್ ಮಾಸ್ಟ್ರುಗಳು ಒದ್ದೆ ಕೊಡೆಗಳನ್ನು ಮೊಣಕಾಲ ನಡುವೆ ಸಿಕ್ಕಿಸಿಕೊಂಡು ಸಾಲಾಗಿ ಕುಳಿತಿದ್ದರು. ಮುಂದಿನ ಸಾಲಿನಲ್ಲಿ ರಮಾಮಣಿ, ಬರ್ತಾ ಬಾಯಿ, ಭಾವ ಏನು ಮಾತಾಡುತ್ತಾರೋ ಎಂದು ಉಗುರು ಕಚ್ಚುತ್ತ ರಘುಪತಿ. ಮಿಸ್ ಹಾರ್ಗ್ರೀವ್ಸ್ ಸ್ವಾಗತಿಸಿ ಮಾತಾಡಿದರು. ಸಭೆಗೆಲ್ಲ ಕೇಳಿಸಿದ್ದು ಕಾದ ಎಣ್ಣೆ, ಸಾಸಿವೆ. ಎಲ್ಲ ಮಾಸ್ಟ್ರುಗಳೂ ತಲೆದೂಗಿದರು. ಒಬ್ಬರು ತಲೆದೂಗುವುದನ್ನು ನೋಡಿ ಇನ್ನೊಬ್ಬರು ಇನ್ನೂ ಜೋರಾಗಿ ದೂಗಿದರು.

ಆಚಾರ್ಯರು ಎದ್ದು ಮೈಕಿನ ಎದುರು ನಿಂತರು. ಬಾಯಿ ತೆರೆದರು. ಏನೂ ಬರಲಿಲ್ಲ. ಸಭೆ ಕಾಯಿತು. ಇದೇ ಮೌನವಿಧಾನ ಇರಬೇಕೆಂದು ಹಿಂದಿನ ಸಾಲಿನ ಕೆಲವರು ಬರೆದುಕೊಳ್ಳತೊಡಗಿದರು. ಶೆಟ್ಟರ ಮುಖದಲ್ಲಿ ಜೂನಿಯರ್ ಕಾಲೇಜಿನ ಗೋಡೆಗಳು ಒಂದೊಂದಾಗಿ ಕುಸಿಯುತ್ತಿದ್ದವು. ಆಚಾರ್ಯರಿಗೆ ಅದು ಕಾಣಿಸಿತು. ಪಾಪ, ಈ ಮನುಷ್ಯನಿಗೆ ನಾನು ಮೋಸ ಮಾಡಬಾರದು ಎನ್ನಿಸಿತು. ಕಣ್ಣು ಮುಚ್ಚಿಕೊಂಡು, ತಮಗೆ ಗೊತ್ತಿದ್ದ ಎಲ್ಲ ವ್ಯಾಕರಣವನ್ನೂ ಪಕ್ಕಕ್ಕಿಟ್ಟು, ಮಿಸ್ಸಿನತ್ತ ತಿರುಗಿ ಹೇಳಿದರು.

"ಮೇಡಂ, ನೋ ಮೆಥಡ್. ಐ ವಾಸ್ ಅಫ್ರೈಡ್. ಯು ವಿಲ್ ಟಾಕ್, ಐ ವಿಲ್ ನಾಟ್ ಅಂಡರ್‌ಸ್ಟ್ಯಾಂಡ್. ಸೋ ಐ ಶಟ್ ಮೈ ಮೌತ್."

ಮಿಸ್ ಹಾರ್ಗ್ರೀವ್ಸ್ ಕುರ್ಚಿಯಿಂದ ಎದ್ದರು. ಅವರ ಮುಖ ಕೆಂಪಾಯಿತು. ಅವರು ಗಡಗಡ ಏನೋ ಹೇಳಿದರು. ಕಾವಲಿಯ ಮೇಲಿನ ಸಾಸಿವೆಯೆಲ್ಲ ಒಮ್ಮೆಗೇ ಸಿಡಿದಂತಾಯಿತು. ಸಭೆ ತಲೆದೂಗಿತು. ಆಚಾರ್ಯರು ದೂಗಲಿಲ್ಲ. ಮರ್ಯಾದೆ ಹೋಗುವುದು ಹೋಗಿಯಾಗಿತ್ತು. ಹೋದ ಮೇಲೆ ಮನುಷ್ಯನಿಗೆ ಒಂದು ಹಗುರ ಬರುತ್ತದೆ.

"ಮೇಡಂ, ಸ್ಲೋಲಿ ಪ್ಲೀಸ್."

ಇಡೀ ಸಭಾಂಗಣದಲ್ಲಿ ತಲೆಗಳು ನಿಂತವು. ಹೀಗೆ ಕೇಳಬಹುದೆಂದು ತಾಲೂಕಿನಲ್ಲಿ ಯಾರಿಗೂ ಹೊಳೆದಿರಲಿಲ್ಲ. ಮಿಸ್ಸು ಉಸಿರೆಳೆದುಕೊಂಡು, ಒಂದೊಂದೇ ಮಾತನ್ನು ಬಿಡಿಬಿಡಿಯಾಗಿ, ಹೂ ಪೋಣಿಸಿದಂತೆ ಹೇಳಿದರು. ಈ ಸಲ ಇಂಗ್ಲಿಷ್ ಮಾಸ್ಟ್ರುಗಳಿಗೆಲ್ಲ ಅರ್ಥವಾಯಿತು. ಆಕೆ ಹೇಳಿದ್ದು: ನಾನು ನನ್ನ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಫ್ರೆಂಚ್ ಕಲಿಸಿದವಳು. ಮಕ್ಕಳನ್ನು ಪ್ಯಾರಿಸ್ಸಿಗೆ ಕರೆದೊಯ್ದಾಗಲೆಲ್ಲ ರೈಲು ಇಳಿಯುವ ಮೊದಲೇ ಗಂಟಲಿಗೆ ಮಫ್ಲರ್ ಸುತ್ತಿಕೊಳ್ಳುತ್ತೇನೆ. ದನಿ ಹೋಗಿದೆ ಎಂದು ಮಕ್ಕಳಿಗೆ ಸನ್ನೆ ಮಾಡುತ್ತೇನೆ. ಫ್ರೆಂಚರು ಮಾತಾಡಿದರೆ ನನಗೂ ತಿಳಿಯುವುದಿಲ್ಲ.

ಮೊದಲು ನಕ್ಕದ್ದು ಆಚಾರ್ಯರು. ಆಮೇಲೆ ಮಿಸ್ಸು. ಆಮೇಲೆ ಸಭೆಯಲ್ಲಿ ನಗು ಹತ್ತಿಕೊಂಡು, ಕೊಡೆಗಳು ದಡದಡ ಬಿದ್ದವು. ಹೆಬ್ರಿ ಕಡೆಯ ಒಬ್ಬ ಹಿರಿಯ ಮಾಸ್ಟ್ರು ಎದ್ದುನಿಂತು, ಮೇಡಂ, ನಿಮ್ಮ ಸ್ವಾಗತ ಭಾಷಣವನ್ನೂ ಒಮ್ಮೆ ನಿಧಾನವಾಗಿ ಹೇಳಬೇಕು, ನಮಗೆ ಯಾರಿಗೂ ಗೊತ್ತಾಗಲಿಲ್ಲ ಎಂದು ಇಂಗ್ಲಿಷಿನಲ್ಲಿ ಕೇಳಿಕೊಂಡರು. ಮಿಸ್ಸು ಹೇಳಿದರು. ಅದಾದ ಮೇಲೆ ಒಬ್ಬೊಬ್ಬರೇ ಎದ್ದು, ತಪ್ಪು ತಪ್ಪಾಗಿ, ಸಂಕೋಚವಿಲ್ಲದೆ, ಬಾಯ್ತುಂಬ ಮಾತಾಡತೊಡಗಿದರು. ವರ್ಷಗಳಿಂದ ಕಟ್ಟಿಹಾಕಿದ್ದ ಇಂಗ್ಲಿಷ್ ಆ ಮಧ್ಯಾಹ್ನ ಕೊಟ್ಟಿಗೆಯಿಂದ ಬಿಟ್ಟ ಕರುಗಳಂತೆ ಸಭಾಂಗಣದ ತುಂಬ ಓಡಾಡಿತು.

ಶೆಟ್ಟರು ಮಾತ್ರ ಇದೊಂದೂ ತಿಳಿಯದೆ, ಕೆಲಸ ಕೆಟ್ಟಿತೋ ಆಯಿತೋ ಎಂದು ಹೆಗ್ಡೆಯವರ ಮುಖ ನೋಡಿದರು. ಹೆಗ್ಡೆಯವರು ಮೊದಲಿನಿಂದ ಕೊನೆಯವರೆಗೆ, ನಿಧಾನವಾಗಿ ಹೇಳಿದ್ದಕ್ಕೂ ಗಡಗಡ ಹೇಳಿದ್ದಕ್ಕೂ, ಒಂದೇ ಸಮನೆ ಎಸ್ ಎಸ್ ಎನ್ನುತ್ತಿದ್ದರು. ಈಗ ಎದ್ದು ಮೈಕು ಹಿಡಿದರು.

"ಆಚಾರ್ಯರ ಮೌನವಿಧಾನವನ್ನು ಇಂಗ್ಲೆಂಡಿನವರು ಪೂರ್ತಿಯಾಗಿ ಒಪ್ಪಿದ್ದಾರೆ. ಅವರ ದೇಶದಲ್ಲಿ ಚಳಿ ಜಾಸ್ತಿ ಇರುವ ಕಾರಣ ಮಫ್ಲರ್ ಸುತ್ತಿಕೊಂಡು ಇದನ್ನು ಜಾರಿಗೆ ತರುತ್ತಾರಂತೆ. ಕಾಪುವಿನ ಜೂನಿಯರ್ ಕಾಲೇಜಿಗೆ ನನ್ನ ಶಿಫಾರಸು ಉಂಟು."

ಚಪ್ಪಾಳೆ ನಿಲ್ಲಲಿಲ್ಲ. ಶೆಟ್ಟರು ಆಚಾರ್ಯರನ್ನು ತಬ್ಬಿಕೊಂಡು ನೆಲದಿಂದ ಒಂದು ಗೇಣು ಎತ್ತಿದರು. ಹೆಗ್ಡೆಯವರ ಮಾತನ್ನು ತಿದ್ದಬೇಕೆಂದು ಆಚಾರ್ಯರು ಬಾಯಿ ತೆರೆದರು. ಎದೆಯ ಮೇಲೆ ಶೆಟ್ಟರ ಬಿಗಿ ಹಿಡಿತ ಇದ್ದುದರಿಂದ ಉಸಿರು ಬರಲಿಲ್ಲ.

ಸಭೆ ಮುಗಿದು ಹೊರಗೆ ಚಾ ಕೊಡುವಲ್ಲಿ ಆಚಾರ್ಯರು ಮಿಸ್ಸನ್ನು ಹುಡುಕಿದರು. ಅವರಿಗೀಗ ಮಾತಾಡುವ ಹಸಿವು. ಹಾಲೆಂಡಿನ ಬಗ್ಗೆ ಕೇಳಬೇಕಿತ್ತು, ಜಪಾನಿನ ಬಗ್ಗೆ ಕೇಳಬೇಕಿತ್ತು. ಮಿಸ್ಸು ಒಂದು ಕಂಬದ ಬದಿಯಲ್ಲಿ ರಮಾಮಣಿಯ ಜೊತೆ ನಿಂತಿದ್ದರು. ರಮಾಮಣಿಗೆ ಇಂಗ್ಲಿಷಿನ ಒಂದಕ್ಷರ ಬಾರದು, ಮಿಸ್ಸಿಗೆ ತುಳುವಿನ ಗಾಳಿ ಇಲ್ಲ. ರಮಾಮಣಿ ಮಿಸ್ಸಿನ ತಲೆಗೆ ಮಲ್ಲಿಗೆ ಮುಡಿಸುತ್ತ, ನಿಮಗೆ ಇಷ್ಟು ವಯಸ್ಸಾದರೂ ಯಾಕೆ ಮದುವೆ ಆಗಲಿಲ್ಲ ಎಂದು ತುಳುವಿನಲ್ಲಿ ವಿಚಾರಿಸುತ್ತಿದ್ದಳು. ಮಿಸ್ಸು ಇಂಗ್ಲಿಷಿನಲ್ಲಿ ಉದ್ದಕ್ಕೆ ಉತ್ತರ ಹೇಳುತ್ತಿದ್ದರು. ನಡುವೆ ಆಕೆ ಯಾರದೋ ದಪ್ಪ ಮೀಸೆಯನ್ನು ಕೈಯಲ್ಲಿ ತೋರಿಸಿ ಮುಖ ಸಿಂಡರಿಸಿದರು. ರಮಾಮಣಿ, ಅಂಥವನನ್ನು ಬಿಟ್ಟದ್ದೇ ಒಳ್ಳೆದಾಯಿತು ಎಂದು ಆಕೆಯ ಬೆನ್ನು ಸವರಿದಳು. ಇಬ್ಬರೂ ನಕ್ಕು ನಕ್ಕು ಕಂಬಕ್ಕೆ ಒರಗಿದರು.

ಆಚಾರ್ಯರು ಹತ್ತಿರ ಹೋಗಿ, ಗಂಟಲು ಸರಿಮಾಡಿಕೊಂಡು, ಇಬ್ಬರಿಗೂ ಅರ್ಥ ಹೇಳಲು ಅಣಿಯಾದರು. ಹೆಂಡತಿ ತಿರುಗದೆಯೇ ಅಂಗೈ ಎತ್ತಿ, ಸ್ವಲ್ಪ ಸುಮ್ಮನಿರಿ ಎಂದು ಸನ್ನೆ ಮಾಡಿದಳು. ಮಿಸ್ ಹಾರ್ಗ್ರೀವ್ಸ್ ಕೂಡ ಅದನ್ನೇ ಮಾಡಿದರು.

ತಾಲೂಕಿನ ಪ್ರಥಮ ಇಂಗ್ಲಿಷ್ ವಾಗ್ಮಿಯಾದ ಹಯಗ್ರೀವ ಆಚಾರ್ಯರು ಚಾದ ಲೋಟ ಹಿಡಿದು, ಬದಿಗೆ ಸರಿದು, ಗೋಡೆಗೆ ಬೆನ್ನು ಕೊಟ್ಟು ನಿಂತರು. ಚಾ ಆರಿತ್ತು, ಆದರೂ ಪೂರ್ತಿ ಕುಡಿದರು.